ಸಾಹೇಬರ ಕಕ್ಕಸು

ನ್ಯಾಯಾಧೀಶರೂ ನಮ್ಮ ಹಾಗೆಯೇ ಹೇಲುತ್ತಾರೆ. ಇದು ನನಗೆ ಗೊತ್ತಿರುವಷ್ಟು ಚೆನ್ನಾಗಿ ಆ ಕಟ್ಟಡದಲ್ಲಿ ಇನ್ನಾರಿಗೂ ಗೊತ್ತಿಲ್ಲ.

ಕೇಸಿಗೆ ಬಂದವರ ಕಕ್ಕಸು ಮೆಟ್ಟಿಲ ಕೆಳಗಿದೆ. ಅದರ ಬಾಗಿಲು ಮುಚ್ಚುವುದಿಲ್ಲ. ಹೆಂಗಸರು ಒಬ್ಬರನ್ನು ಹೊರಗೆ ಕಾವಲು ನಿಲ್ಲಿಸಿ ಒಳಗೆ ಹೋಗುತ್ತಾರೆ. ವಕೀಲರದ್ದು ನಡುಮಹಡಿಯಲ್ಲಿ. ಅಲ್ಲಿ ಕನ್ನಡಿಯೂ ಇದೆ, ಕನ್ನಡಿಯ ಮೇಲೆ ಉಗುಳಿದ ಕಲೆಯೂ ಇದೆ. ಸಾಹೇಬರದ್ದು ಅವರ ಕೋಣೆಯ ಒಳಗೇ. ಬಿಳಿ ಟೈಲ್ಸು, ಪರಿಮಳದ ಸೋಪು, ಕೈ ಒರೆಸಲು ಬಟ್ಟೆ. ಮೂರಕ್ಕೂ ಕೈ ಹಾಕುವವಳು ನಾನೇ. ಗುತ್ತಿಗೆಯವನು ಕೊಟ್ಟ ಕೈಗವಸಿನ ಬೆರಳು ಹರಿದಿವೆ. ಹರಿದ ಗವಸಿನೊಳಗೆ ಆ ನೀರು ನಿಂತರೆ ಬರಿಗೈಗಿಂತ ಕಡೆ. ಹಾಗಾಗಿ ಬರಿಗೈ. ಅದೇ ಕೈಯಲ್ಲಿ ಉಣ್ಣುತ್ತೇನೆ. ಅದೇ ಕೈಯಲ್ಲಿ ಮಗಳ ತಲೆ ಬಾಚುತ್ತೇನೆ.

ಅಲ್ಲಿ ಎಲ್ಲರಿಗೂ ನಾನು ಫಿನಾಯಿಲು. ಒಳ್ಳೆಯ ವಕೀಲರು ಫಿನಾಯಿಲಕ್ಕ ಅನ್ನುತ್ತಾರೆ. ಸಾಹೇಬರ ಜವಾನ 'ಏ ಫಿನಾಯಿಲು' ಎಂದು ಕೂಗುತ್ತಾನೆ. ನಾಯಿಯನ್ನಾದರೂ ಅವನು ಇದಕ್ಕಿಂತ ಮೆತ್ತಗೆ ಕರೆಯುವುದನ್ನು ನೋಡಿದ್ದೇನೆ.

ಅದೇ ಕಟ್ಟಡದಲ್ಲಿ ನನ್ನದೂ ಒಂದು ಕೇಸಿತ್ತು. ಗಂಡನಿಂದ ಬಿಡುಗಡೆ ಕೇಳಿ ಹಾಕಿದ್ದು.

ಅವನನ್ನು ಮೇಸ್ತ್ರಿ ಅನ್ನುತ್ತೇನೆ. ಗೋದಾಮಿನಲ್ಲಿ ಮೂಟೆ ಹೊರುವವರ ಮೇಲೆ ಮೇಸ್ತ್ರಿ. ಗಂಡ ಎಂಬ ಮಾತು ಬಾಯಿಗೆ ಬಂದರೆ ಉಗುಳಬೇಕು ಅನ್ನಿಸುತ್ತದೆ. ಅವನು ನಮ್ಮ ಜೊತೆ ಇಲ್ಲ. ಇನ್ನೊಬ್ಬಳ ಜೊತೆ ಇದ್ದಾನೆ. ಅಲ್ಲಿ ಜಗಳವಾದಾಗ, ಕುಡಿಯಲು ಜಾಗ ಸಿಗದಾಗ, ನನ್ನ ಕೋಣೆಗೆ ಬರುತ್ತಾನೆ. ನಾನು ಕೆಲಸಕ್ಕೆ ಹೋಗುವಾಗ ಬೀಗ ಹಾಕಿಯೇ ಹೋಗುತ್ತೇನೆ. ಆದರೆ ಇನ್ನೊಂದು ಬೀಗದ ಕೈ ಮಹಡಿಯ ಮೇಲಿರುವ ಮನೆ ಮಾಲೀಕರ ಹತ್ತಿರ ಇದೆ. ಅವರು ಇಳಿದು ಬಂದು ಬಾಗಿಲು ತೆಗೆದುಕೊಡುತ್ತಾರೆ. ಕೇಳಿದರೆ, ಗಂಡ ಬಂದು ನಿಂತರೆ ಬೇಡ ಅನ್ನೋಕೆ ನಾನ್ಯಾರು ತಾಯಿ, ಕೋರ್ಟು ಬಿಡುಗಡೆ ಕೊಡಲಿ, ಆಮೇಲೆ ಅವನು ಹೊಸ್ತಿಲು ದಾಟಿದರೆ ನನ್ನನ್ನು ಕೇಳು ಎನ್ನುತ್ತಾರೆ. ಪೊಲೀಸರ ಮಾತೂ ಅದೇ. ಗಂಡ ಹೆಂಡತಿ ಜಗಳ, ನಾವು ನಡುವೆ ಬರಲ್ಲ.

ಸಂಜೆ ನಾನು ಮನೆ ಮುಟ್ಟುವಾಗ ಚಾಪೆಯ ಮೇಲೆ ಅವನು ಬಿದ್ದಿರುತ್ತಾನೆ. ವಾಂತಿ ಚಾಪೆಯಿಂದ ಹಾಸಿಗೆ ಸುರುಳಿಯವರೆಗೆ ಹರಿದಿರುತ್ತದೆ. ಮಗಳು ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕೂತಿರುತ್ತಾಳೆ. ಹಗಲೆಲ್ಲ ಊರವರದ್ದು ತೊಳೆದು ಬಂದು, ಸಂಜೆ ಅವನದ್ದು ತೊಳೆಯುತ್ತೇನೆ.

ಇಷ್ಟೇ ಆಗಿದ್ದರೆ ತೀರ್ಪು ಬರುವವರೆಗೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೇನೋ. ಹೋದ ತಿಂಗಳು ಅವನು ತನ್ನ ಜೊತೆಗೊಬ್ಬನನ್ನು ಕರೆತಂದಿದ್ದ. ಆ ಮನುಷ್ಯ ಮಗಳ ಹತ್ತಿರ ನೀರು ಕೇಳಿದನಂತೆ. ಲೋಟ ಕೊಟ್ಟ ಕೈಯನ್ನು ಬಿಡಲಿಲ್ಲವಂತೆ. ಮೇಸ್ತ್ರಿ ನೋಡಿ ನಕ್ಕನಂತೆ. ಮಗಳು ಇದನ್ನು ಹೇಳುವಾಗ ಅಳಲಿಲ್ಲ. ಕೈಗೆ ಸೋಪು ಹಚ್ಚುತ್ತಲೇ ಇದ್ದಳು. ಹಚ್ಚುತ್ತಲೇ ಇದ್ದಳು.

ಕೇಸು ಹಾಕಿದಾಗ ಅವಳಿಗೆ ಹಾಲುಹಲ್ಲು ಬೀಳುತ್ತಿತ್ತು. ಈಗ ನನ್ನ ಸೀರೆ ಅವಳಿಗೆ ಸರಿಯಾಗುತ್ತದೆ.

ಬಡವರಿಗೆಂದು ಸರ್ಕಾರ ಕೊಡುವ ವಕೀಲೆಯೊಬ್ಬಳು ನನಗೆ ಸಿಕ್ಕಿದ್ದಳು. ಪಾಪ, ಒಳ್ಳೆಯವಳೇ. ಇಬ್ಬರೂ ಒಪ್ಪಿದರೆ ಬೇಗ ಆಗುತ್ತಕ್ಕ, ಒಬ್ಬರು ಒಪ್ಪದಿದ್ದರೆ ಹೇಳೋಕಾಗಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ಮೇಸ್ತ್ರಿ ಏಕೆ ಒಪ್ಪುತ್ತಾನೆ? ಪುಕ್ಕಟೆ ಚಾಪೆ ಯಾರು ಬಿಡುತ್ತಾರೆ? ಕೋರ್ಟಿನ ನೋಟೀಸನ್ನೇ ಅವನು ತೆಗೆದುಕೊಳ್ಳಲಿಲ್ಲ. ಆ ವಿಳಾಸದಲ್ಲಿ ಇಲ್ಲ ಎಂದು ನೋಟೀಸು ವಾಪಸು ಬಂತು. ವಾಪಸು ಬಂದ ದಿನ ಸಂಜೆ ಅವನು ನನ್ನ ಕೋಣೆಯಲ್ಲೇ ಗೊರಕೆ ಹೊಡೆಯುತ್ತಿದ್ದ. ಮತ್ತೆ ಕಳಿಸಿದರು, ಮತ್ತೆ ವಾಪಸು ಬಂತು. ಕೊನೆಗೆ ಪೇಪರಿನಲ್ಲಿ ಹಾಕಿಸಿದರು. ಅಷ್ಟರಲ್ಲಿ ಮಗಳು ಶಾಲೆ ಬದಲಿಸಿದ್ದಳು.

ಆಮೇಲೆ ರಾಜಿ ಮಾಡಿಸುವ ಕೋಣೆಗೆ ಕಳಿಸಿದರು. ಅಲ್ಲಿನ ಮೇಡಂ ನಾನು ಕೂರುವ ಮೊದಲು ಕುರ್ಚಿಯ ಮೇಲೆ ಪೇಪರು ಹಾಸಿದಳು. ನಂತರ, ಮಗುವಿನ ಮುಖ ನೋಡಿ ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಿದಳು. ಒಂದು ಗಂಟೆ ನನ್ನ ಜೊತೆ ಒಂದೇ ಕೋಣೆಯಲ್ಲಿ ಹೊಂದಿಕೊಳ್ಳಲು ಅವಳಿಗಾಗಲಿಲ್ಲ. ಕಿಟಕಿ ತೆಗೆಸಿದಳು. ಅಲ್ಲಿಗೂ ಹಲವು ಸಲ ಅಲೆದೆ. ಮೇಸ್ತ್ರಿ ಒಂದು ಸಲ ಬಂದ, ತಪ್ಪಾಯಿತು ಎಂದು ಮೇಡಂ ಎದುರು ಕೈ ಮುಗಿದ, ಹೊರಗೆ ಬಂದು ನನ್ನ ಕಿವಿ ಹಿಂಡಿದ.

ಸಾಹೇಬರಿಗೆ ವರ್ಗವಾಯಿತು. ಹೊಸ ಸಾಹೇಬರು ಬರುವವರೆಗೆ ಕುರ್ಚಿ ಖಾಲಿ. ಬಂದ ಮೇಲೆ ಅವರು ಎಲ್ಲವನ್ನೂ ಮೊದಲಿಂದ ಓದಬೇಕು. ಓದುವ ಹೊತ್ತಿಗೆ ವಕೀಲರ ಮುಷ್ಕರ. ಮುಷ್ಕರ ಮುಗಿದರೆ ಮೇಸ್ತ್ರಿಯ ವಕೀಲನಿಗೆ ಹೊಟ್ಟೆನೋವು. ಅವನ ಅತ್ತೆ ಸತ್ತರೆಂದು ಒಂದು ವಾಯಿದೆ. ಮುಂದಿನ ವರ್ಷ ಅದೇ ಅತ್ತೆ ಇನ್ನೊಂದು ಸಲ ಸತ್ತರು. ಇದು ಸಾಲದು ಎಂದು ಮಗಳು ತನಗೇ ಬೇಕೆಂದು ಮೇಸ್ತ್ರಿಯೊಂದು ಅರ್ಜಿ ಹಾಕಿದ. ಮಗಳ ಮೇಲೆ ಪ್ರೀತಿ ಉಕ್ಕಿ ಅಲ್ಲ. ಮಗುವಿನ ಪ್ರಶ್ನೆ ಬಂದರೆ ಕೇಸು ಎಳೆಯುತ್ತದೆ ಎಂದು ಅವನ ವಕೀಲ ಕಲಿಸಿಕೊಟ್ಟಿದ್ದ.

ಇಷ್ಟೆಲ್ಲ ಆದ ಮೇಲೆ ನನ್ನ ಸಾಕ್ಷಿ ಹೇಳುವ ದಿನ ಬಂತು.

ಆ ದಿನಕ್ಕೆ ರಜೆ ಕೇಳಿದ್ದೆ. ಗುತ್ತಿಗೆಯವನು, ಅಲ್ಲೇ ಕೇಸು, ಅಲ್ಲೇ ಕೆಲಸ, ರಜೆ ಯಾಕೆ ಎಂದು ನಕ್ಕಿದ್ದ. ಬೆಳಿಗ್ಗೆ ಬೇಗ ಬಂದು ಮೂರೂ ಕಡೆ ತೊಳೆದು ಮುಗಿಸಿದೆ. ಮೊಣಕೈ ಮೇಲಿನವರೆಗೆ ಸೋಪು ಹಚ್ಚಿ ಉಜ್ಜಿದೆ. ಮಗಳು ಇಸ್ತ್ರಿ ಹಾಕಿ ಕಟ್ಟಿಕೊಟ್ಟ ಸೀರೆ ಉಟ್ಟೆ. ಕೋರ್ಟಿನ ಮುಂದಿನ ಬೆಂಚಿನಲ್ಲಿ ಕೇಸಿನವರ ಜೊತೆ ಕೂತೆ. ಪಕ್ಕದವಳು ಸರಿದು ಜಾಗ ಕೊಟ್ಟಳು. ಅಷ್ಟು ವರ್ಷಗಳಲ್ಲಿ ಆ ಕಟ್ಟಡದಲ್ಲಿ ನಾನು ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

ವಕೀಲೆಗೆ ಇನ್ನೊಂದು ಕೋರ್ಟಿನಲ್ಲೂ ಕೇಸಿತ್ತು. ನಿನ್ನದು ಮಧ್ಯಾಹ್ನದ ಮೇಲೆ ಬರುತ್ತೆ, ಅಷ್ಟರಲ್ಲಿ ಬರ್ತೀನಿ ಎಂದು ಹೇಳಿ ಹೋದಳು. ಅವಳು ಹೋಗುತ್ತಿದ್ದಂತೆ ಜವಾನ ಬಂದ. ಸಾಹೇಬರ ಕಕ್ಕಸು ಕಟ್ಟಿದೆ, ನೀರು ಮೇಲೆ ಬರುತ್ತಿದೆ, ಏಳು ಅಂದ.

"ಇವತ್ತು ನನ್ನ ಕೇಸಿದೆ ಅಣ್ಣ. ಸಾಕ್ಷಿ ಹೇಳ್ಬೇಕು."

"ಗೊತ್ತು ಮಾರಾಯ್ತಿ. ನಿನ್ನ ನಂಬರು ಎಲ್ಲೋ ಕೆಳಗಿದೆ. ಕೂಗೋನು ನಾನೇ ತಾನೇ? ಬಂದಾಗ ಕರೀತೀನಿ. ಸಾಹೇಬ್ರು ಇಳಿದು ಬಂದಾಗ ಕಕ್ಕಸು ಹಿಂಗಿದ್ರೆ ಕೇಸಿನ ಮಾತಿರಲಿ, ನಿನ್ನ ಕೆಲಸವೂ ಹೋಗುತ್ತೆ."

ಎದ್ದು ಹೋದೆ. ಇಸ್ತ್ರಿ ಸೀರೆಯ ಮೇಲೆ ನೀಲಿ ಕೋಟು ಹಾಕಿಕೊಂಡೆ.

ಸಾಹೇಬರ ಕೋಣೆಗೆ ನಾನು ಹೋದರೆ ಒಂದು ನಿಯಮವಿದೆ. ಜವಾನ ಹೊರಗಿನಿಂದ ಬೀಗ ಹಾಕುತ್ತಾನೆ. ಒಂದು ಸಲ ಸಾಹೇಬರ ಪೆನ್ನು ಕಾಣೆಯಾಗಿತ್ತು. ನನ್ನ ಸೀರೆ ಬಿಚ್ಚಿಸಿ ನೋಡಿದರು. ಸಂಜೆ ಪೆನ್ನು ಸಾಹೇಬರ ಕೋಟಿನಲ್ಲೇ ಸಿಕ್ಕಿತು. ಆದರೂ ನಿಯಮ ಉಳಿಯಿತು. ಕೆಲಸ ಮುಗಿದ ಮೇಲೆ ನಾನು ಬಾಗಿಲು ತಟ್ಟಬೇಕು. ಅವನು ಬಂದು ತೆಗೆದು, ಬಕೆಟ್ಟಿನೊಳಗೆ ಇಣುಕಿ ನೋಡಿ, ಹೊರಗೆ ಬಿಡಬೇಕು.

ಒಳಗೆ ಹೋದರೆ ಕಕ್ಕಸಿನ ನೆಲದ ಮೇಲೆ ನೀರು. ನೀರಿನ ಮೇಲೆ ತೇಲುವುದು. ಕೋಲು ಹಾಕಿ ನೋಡಿದೆ, ಬಗ್ಗಲಿಲ್ಲ. ಬಟ್ಟೆಯೇನೋ ಸಿಕ್ಕಿಕೊಂಡಿತ್ತು. ಮಂಡಿಯೂರಿ ತೋಳು ಇಳಿಸಿದೆ. ಮೊಣಕೈ ಮುಳುಗಿತು. ಕೆನ್ನೆ ಬಿಳಿ ಅಂಚಿಗೆ ತಾಗಿತು. ಮೂಗು ಮುಚ್ಚಿಕೊಳ್ಳಲು ಕೈ ಇಲ್ಲ, ಬಾಯಲ್ಲಿ ಉಸಿರಾಡಿದರೆ ನಾಲಗೆಗೇ ರುಚಿ ಹತ್ತುತ್ತದೆ. ಬೆರಳ ತುದಿಗೆ ಬಟ್ಟೆಯ ಅಂಚು ತಾಗುತ್ತಿತ್ತು, ಜಾರುತ್ತಿತ್ತು.

ಆಗ ನನ್ನ ಹೆಸರು ಕೇಳಿಸಿತು.

ಆ ಗೋಡೆಯ ಆಚೆಗೇ ಕೋರ್ಟು. ಗಾಳಿ ಹೋಗಲು ಬಿಟ್ಟ ಕಿಂಡಿಯಿಂದ ಎಲ್ಲ ಮಾತೂ ಕೇಳುತ್ತದೆ. ಜವಾನ ಪಡಸಾಲೆಗೆ ಮುಖ ಮಾಡಿ ಕೂಗುತ್ತಿದ್ದ. ನನ್ನ ಹೆಸರು, ಅಪ್ಪನ ಹೆಸರು ಸೇರಿಸಿ, ರಾಗವಾಗಿ. ನಾನು ಒಳಗಿನಿಂದ ಇದ್ದೀನಿ ಎಂದು ಕಿರುಚಿದೆ. ಎದ್ದು ಹೋಗಿ ಬಾಗಿಲು ಬಡಿದೆ. ಕೋರ್ಟಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಎರಡನೇ ಸಲ ಕೂಗಿದ. ಯಾರನ್ನು ಯಾವ ಬೀಗದೊಳಗೆ ಇಟ್ಟು ಬಂದಿದ್ದೇನೆ ಎಂಬುದು ಅವನಿಗೆ ನೆನಪೇ ಇರಲಿಲ್ಲ. ಆ ಹೆಸರಿಗೂ ಫಿನಾಯಿಲಿಗೂ ಅವನ ತಲೆಯಲ್ಲಿ ಸಂಬಂಧವೇ ಇರಲಿಲ್ಲ. ಬೆಳಿಗ್ಗೆ ಗೊತ್ತು ಮಾರಾಯ್ತಿ ಅಂದ ಬಾಯಿ ಮೂರನೇ ಸಲವೂ ಕೂಗಿತು.

ಮೇಸ್ತ್ರಿಯ ವಕೀಲ ಬೇರೆ ಊರಿಗೆ ಹೋಗಬೇಕೆಂದು ಕೇಳಿ ಕೇಸನ್ನು ಮುಂಚೆ ಕರೆಸಿದ್ದ. ಅರ್ಜಿದಾರಳಿಗೆ ಆಸಕ್ತಿ ಇಲ್ಲ ಸ್ವಾಮಿ, ಗಂಡನಿಗೆ ಸುಮ್ಮನೆ ಕಿರುಕುಳ ಎಂದು ಅವನು ಹೇಳುವುದು ಕೇಳಿಸಿತು. ಸಾಹೇಬರು ಆಕಳಿಸುತ್ತ ಬರೆಸಿದರು. ಅರ್ಜಿದಾರಳು ಕೂಗಿಸಿದರೂ ಗೈರುಹಾಜರು. ಅರ್ಜಿ ವಜಾ.

ವಜಾ. ಅಂದರೆ ಮತ್ತೆ ಮೊದಲಿಂದ. ಮತ್ತೆ ಅತ್ತೆಯ ಸಾವು, ಮತ್ತೆ ಕುರ್ಚಿಯ ಮೇಲೆ ಪೇಪರು. ಅಷ್ಟರಲ್ಲಿ ಮಗಳ ಕೈಯನ್ನು ಇನ್ನೆಷ್ಟು ಜನ ಹಿಡಿಯುತ್ತಾರೆ?

ಸಾಹೇಬರ ಕೋಣೆಗೆ ಇನ್ನೊಂದು ಬಾಗಿಲಿದೆ. ಅದು ನೇರವಾಗಿ ಅವರ ಕುರ್ಚಿಯ ಹಿಂದಕ್ಕೆ ತೆರೆಯುತ್ತದೆ. ಅದಕ್ಕೆ ಬೀಗ ಹಾಕುವುದಿಲ್ಲ. ಕಕ್ಕಸು ತೊಳೆಯುವವಳು ಆ ಬಾಗಿಲನ್ನು ಮುಟ್ಟುವಳೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ.

ಮುಟ್ಟಿದೆ. ತೆರೆದೆ.

ಆ ಬಾಗಿಲು ತೆರೆದರೆ ಎದ್ದು ನಿಲ್ಲುವುದು ಆ ಕೋರ್ಟಿನ ಜನಕ್ಕೆ ಉಸಿರಾಡಿದಷ್ಟು ಅಭ್ಯಾಸ. ಹಿಂದಿನ ಸಾಲಿನ ಕೇಸಿನವರು ದಡಬಡ ಎದ್ದರು. ಅವರನ್ನು ನೋಡಿ ಮುಂದಿನವರು ಎದ್ದರು. ವಕೀಲರು ಕೋಟು ಸರಿ ಮಾಡಿಕೊಳ್ಳುತ್ತ ಎದ್ದರು. ಮೇಸ್ತ್ರಿಯೂ ಎದ್ದ. ಸಾಹೇಬರು ಕುರ್ಚಿಯಲ್ಲೇ ಇರುವುದು ಯಾರಿಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಇಡೀ ಕೋರ್ಟು ನನಗೆ ಎದ್ದು ನಿಂತಿತ್ತು. ನನ್ನ ಬಲತೋಳಿನಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು.

ಸಾಹೇಬರು ತಿರುಗಿ ನೋಡಿದರು. ಕರವಸ್ತ್ರ ಮೂಗಿಗೆ ಹೋಯಿತು. ಯಾರಿದು ಎಂದರು. ಜವಾನನ ಮುಖ ಬಿಳಚಿಕೊಂಡಿತು. ಫಿನಾಯಿಲು ಸಾರ್, ಕಕ್ಕಸಿನವಳು ಎಂದು ತೊದಲಿದ.

"ಈಗ ಕೂಗಿದ್ರಲ್ಲ, ಆ ಹೆಸರಿನವಳು ನಾನೇ," ಎಂದೆ. "ನಾನು ಗೈರುಹಾಜರು ಅಲ್ಲ ಸಾಹೇಬ್ರೆ. ಇಲ್ಲೇ ಇದ್ದೆ. ನಿಮ್ಮ ಕಕ್ಕಸಿನಲ್ಲಿದ್ದೆ."

ಯಾರೋ ಕಿಸಕ್ಕನೆ ನಕ್ಕರು. ನಾನು ಮೆಟ್ಟಿಲಿಳಿದು ಕಟಕಟೆಗೆ ಹೋಗಿ ನಿಂತೆ. ಹತ್ತಿರವಿದ್ದ ವಕೀಲರು ಕುರ್ಚಿಗಳನ್ನು ಕರಕರ ಎಳೆದುಕೊಂಡು ದೂರ ಸರಿದರು. ಮೇಸ್ತ್ರಿಯ ವಕೀಲ, ಆದೇಶ ಆಗಿಹೋಗಿದೆ, ಇದು ನ್ಯಾಯಾಲಯಕ್ಕೆ ಅವಮಾನ ಎಂದು ಕೂಗಾಡಿದ. ಸಾಹೇಬರು, ಬೇಕಿದ್ದರೆ ಗೈರುಹಾಜರಿಗೆ ಕಾರಣ ಬರೆದು ಹೊಸ ಅರ್ಜಿ ಹಾಕಿಕೋ, ಈಗ ಹೊರಗೆ ಹೋಗು ಎಂದರು.

"ಕಾರಣ ಬರೆಯೋದೇನಿದೆ? ಒಳಗೆ ತೇಲ್ತಾ ಇದೆ, ಹೋಗಿ ನೋಡಿ."

"ಮೊದಲು ಕೈ ತೊಳೆದುಕೊಂಡು ಬಾ. ಆಮೇಲೆ ಮಾತಾಡು."

"ತೊಳೆಯಲ್ಲ."

ಅದನ್ನು ಹೇಳಿದವಳು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ಹುಟ್ಟಿದಾಗಿನಿಂದ ತೊಳೆ ಅಂದರೆ ತೊಳೆದವಳು. ಅವರ ಗುಂಡಿ, ಅವರ ಉಗುಳು, ಅವನ ವಾಂತಿ. ಬಾಯಿಯಿಂದ ಬಂದಿತ್ತು, ಇನ್ನು ನುಂಗಲು ಆಗುತ್ತಿರಲಿಲ್ಲ.

"ತೊಳೆದು ಬರೋಷ್ಟರಲ್ಲಿ ನೀವು ಎದ್ದು ಹೋಗ್ತೀರಿ. ಇಷ್ಟು ವರ್ಷ ತೊಳಕೊಂಡೇ ಬಂದಿದ್ದೆ. ಏನು ಮಾಡಿದ್ರಿ? ನನ್ನ ಸಾಕ್ಷಿ ಬರಕೊಳ್ಳಿ. ಅಲ್ಲಿವರೆಗೆ ಇಳಿಯಲ್ಲ."

ಎಳೆದು ಹಾಕಿ ಎಂದರು ಸಾಹೇಬರು. ಮಹಿಳಾ ಪೊಲೀಸು ಬಂದಳು. ಕಟಕಟೆಯ ಹತ್ತಿರ ಬಂದು ನಿಂತಳು. ನನ್ನ ತೋಳು ನೋಡಿದಳು, ತನ್ನ ತೋಳು ನೋಡಿಕೊಂಡಳು. ಮುಂದೆ ಬರಲಿಲ್ಲ. ಜವಾನ ಬಂದ, ಅವನೂ ನಿಂತ. ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಜನರಿದ್ದ ಕೋರ್ಟಿನಲ್ಲಿ ನನ್ನನ್ನು ಮುಟ್ಟುವ ಒಂದು ಕೈ ಇರಲಿಲ್ಲ. ಬೇರೆ ದಿನವಾಗಿದ್ದರೆ ಅದಕ್ಕೆ ಹೊಟ್ಟೆ ಉರಿಯುತ್ತಿತ್ತು. ಆ ದಿನ ಅದೇ ನನಗೆ ಗೋಡೆಯಾಯಿತು.

ಸಾಹೇಬರು ಸಿಟ್ಟಿನಿಂದೆದ್ದು ತಮ್ಮ ಕೋಣೆಯ ಬಾಗಿಲು ತಳ್ಳಿದರು. ಒಳಗಿನ ನೀರು ಕಕ್ಕಸಿನ ಹೊಸ್ತಿಲು ದಾಟಿ ರತ್ನಗಂಬಳಿಯವರೆಗೆ ಬಂದಿತ್ತು. ಬಾಗಿಲು ಎಳೆದುಕೊಂಡರು. ಹೊರಗೆ ಹೋಗಬೇಕೆಂದರೆ ನನ್ನ ಪಕ್ಕದಿಂದಲೇ ಹೋಗಬೇಕು. ತಿರುಗಿ ಬಂದು ಕೂತರು.

ಅಷ್ಟರಲ್ಲಿ ವಕೀಲೆ ಓಡಿ ಬಂದಳು. ಅವಳೂ ಮೂಗು ಮುಚ್ಚಿಕೊಂಡಳು. ಆದರೆ ಬಂದು ನನ್ನ ಪಕ್ಕವೇ ನಿಂತಳು. ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ ಸ್ವಾಮಿ, ವಾಪಸು ತೆಗೆದುಕೊಳ್ಳಬಹುದು ಎಂದಳು. ಮೇಸ್ತ್ರಿಯ ವಕೀಲ ವಾಯಿದೆ ಕೇಳಿದ. ತನಗೆ ಮೈ ಹುಷಾರಿಲ್ಲ ಅಂದ.

"ಇಲ್ಲಿ ಯಾರಿಗೆ ಹುಷಾರಿದೆ?" ಎಂದರು ಸಾಹೇಬರು, ಕರವಸ್ತ್ರದ ಒಳಗಿನಿಂದ. "ವಾಯಿದೆ ಇಲ್ಲ. ಬೇಗ ಮುಗಿಸಿ."

ಅಷ್ಟು ವರ್ಷಗಳಲ್ಲಿ ಅವನಿಗೆ ಸಿಗದ ಮೊದಲ ವಾಯಿದೆ ಅದು.

ಹೇಳಿದೆ. ಬೀಗದ ಕೈ, ಚಾಪೆ, ಕಿವಿ, ಸೊಂಟಕ್ಕೆ ಬಿದ್ದ ಒದೆ, ಎಲ್ಲ. ಮಗಳ ಕೈ ಹಿಡಿದವನ ವಿಷಯ ಬಂದಾಗ ಕಣ್ಣೊರೆಸಿಕೊಳ್ಳಲು ಕೈ ಇರಲಿಲ್ಲ. ಹಾಗೆಯೇ ಹೇಳಿದೆ. ಯಾರೂ ನಗಲಿಲ್ಲ. ಮೇಸ್ತ್ರಿಯನ್ನು ಕರೆದರು. ಮಗಳು ಬೇಕು ಅಂತೀಯಲ್ಲ, ಎಷ್ಟನೇ ಕ್ಲಾಸು ಎಂದು ವಕೀಲೆ ಕೇಳಿದಳು. ಅವನು ತನ್ನ ವಕೀಲನ ಮುಖ ನೋಡಿದ. ವಕೀಲ ನೆಲ ನೋಡಿದ. ಐದೋ ಆರೋ ಇರ್ಬೇಕು ಅಂದ ಮೇಸ್ತ್ರಿ. ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಳೆ.

ನನ್ನ ಹೇಳಿಕೆಗೆ ಸಹಿ ಬೇಕಿತ್ತು. ಗುಮಾಸ್ತ ಕಾಗದವನ್ನು ಸ್ಕೇಲಿನಿಂದ ನನ್ನ ಕಡೆ ತಳ್ಳಿದ. ಪೆನ್ನು ಎಸೆದ. ಸಹಿ ಹಾಕಿದೆ. ಕಾಗದದ ಅಂಚಿಗೆ ಬೆರಳ ಗುರುತು ಬಿತ್ತು. ಪೆನ್ನನ್ನು ಯಾರೂ ವಾಪಸು ಕೇಳಲಿಲ್ಲ.

ತೀರ್ಪಿಗೆ ಮುಂದಿನ ತಿಂಗಳು ಎಂದು ಬರೆಸಹೊರಟರು. ನಾನು ಇಳಿಯಲಿಲ್ಲ. ಸಾಹೇಬರು ನನ್ನನ್ನು ನೋಡಿದರು. ಒಂದು ನೊಣ ನನ್ನ ತೋಳಿನಿಂದೆದ್ದು ಅವರ ಮೇಜಿನ ಮೇಲೆ ಕೂತಿತು.

"ಸೋಮವಾರ," ಎಂದರು.

"ಈ ಸೋಮವಾರವಾ?"

"ಈ ಸೋಮವಾರ. ಇಳಿ ತಾಯಿ."

ಇಳಿದೆ. ಗೆದ್ದೆ ಅನ್ನಿಸಲಿಲ್ಲ. ಮಗಳ ಹಾಲುಹಲ್ಲಿನಿಂದ ಇಲ್ಲಿಯವರೆಗೆ ಅಲುಗದ ಕೇಸು ಒಂದು ತೋಳಿನ ನಾತಕ್ಕೆ ಅಲುಗಿತ್ತು. ನಮ್ಮ ಕಷ್ಟ ಇವರ ಕಿವಿಗೆ ಕೇಳಿಸಲಿಲ್ಲ, ಮೂಗಿಗೆ ಹೊಡೆದ ಮೇಲೆ ಕೇಳಿಸಿತು. ಇದಕ್ಕೆ ನ್ಯಾಯ ಅನ್ನುತ್ತಾರೆ. ಇದಕ್ಕೆ ಕೈ ಮುಗಿಯುತ್ತಾರೆ.

ಪಡಸಾಲೆಯಲ್ಲಿ ಜವಾನ ಹಿಂದೆ ಬಂದ. ಆದದ್ದು ಆಯಿತು, ಆ ಗುಂಡಿಯನ್ನಾದರೂ ಬಿಡಿಸಿ ಹೋಗು ಎಂದು ಗೋಗರೆದ. ನೀನೇ ಕೈ ಹಾಕಣ್ಣ, ಬಟ್ಟೆ ಬೆರಳಿಗೆ ಸಿಗುತ್ತೆ, ನಾನು ಬೇಕಾದರೆ ಹೊರಗಿನಿಂದ ಬೀಗ ಹಾಕ್ತೀನಿ ಎಂದೆ. ಗುತ್ತಿಗೆಯವನು ಗೇಟಿನ ಹತ್ತಿರವೇ ನಿಂತಿದ್ದ. ನಾಳೆಯಿಂದ ಬರಬೇಡ ಅಂದ. ನೀಲಿ ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿದೆ.

ಮೆಟ್ಟಿಲ ಮೇಲೆ ಮೇಸ್ತ್ರಿ ಬೀಡಿ ಹಚ್ಚುತ್ತಿದ್ದ. ಸೋಮವಾರ ತಾನೇ ತೀರ್ಪು, ಅಲ್ಲಿವರೆಗೆ ನಾನೇ ಗಂಡ, ಸಂಜೆ ಬರ್ತೀನಿ ಎಂದು ಹಲ್ಲು ಕಿರಿದ. ಒಬ್ಬನೇ ಬರಲ್ಲ ಅಂದ.

ಕೋರ್ಟಿನ ಹಿತ್ತಲಲ್ಲಿ ನಲ್ಲಿಯಿತ್ತು. ನಾನು ಅದರ ಹತ್ತಿರ ಹೋಗಲಿಲ್ಲ. ಬಸ್ಸೂ ಹತ್ತಲಿಲ್ಲ. ನಡೆದೇ ಹೋದೆ. ದಾರಿಯಲ್ಲಿ ಜನ ತಾವಾಗಿಯೇ ಜಾಗ ಬಿಟ್ಟರು.

ಮಗಳು ನೋಡಿ ಬೆಚ್ಚಿಬಿದ್ದಳು. ನೀರು ಕಾಯಿಸುತ್ತೇನೆ ಅಂದಳು. ಬೇಡ ಎಂದೆ. ಅವಳನ್ನು ಒಳಗೆ ಕಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತೆ.

ಹೊತ್ತು ಇಳಿಯುವ ಮೊದಲೇ ಮೇಸ್ತ್ರಿ ಬಂದ. ಜೊತೆಗೆ ಮಗಳ ಕೈ ಹಿಡಿದ ಆ ಮನುಷ್ಯನೂ ಇದ್ದ. ಮೇಸ್ತ್ರಿ ಮೇಲೆ ನೋಡಿ ಕೂಗಿದ. ಮನೆ ಮಾಲೀಕರು ಬೀಗದ ಕೈ ಹಿಡಿದು ಇಳಿದು ಬಂದರು. ಕೊನೆಯ ಮೆಟ್ಟಿಲಲ್ಲೇ ಪಂಚೆಯ ತುದಿ ಮೂಗಿಗೆ ಹಿಡಿದರು.

"ಏನಮ್ಮ ಇದು ಅಸಹ್ಯ? ಎದ್ದು ಹೋಗಿ ಸ್ನಾನ ಮಾಡು. ಅವನು ಒಳಗೆ ಹೋಗ್ಬೇಕಂತೆ."

"ಹೋಗ್ಲಿ," ಎಂದೆ. "ನನ್ನನ್ನ ಪಕ್ಕಕ್ಕೆ ಸರಿಸಿ ಹೋಗ್ಲಿ. ನೀವಾದ್ರೂ ಸರಿಸಿ."

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. ನಾನು ತೋಳು ಎತ್ತಿ ಚಾಚಿದೆ. ಅವನು ಹಿಂದೆ ಸರಿದ. ಜೊತೆಗೆ ಬಂದವನು ಆಗಲೇ ರಸ್ತೆಗೆ ಇಳಿದಿದ್ದ.

"ಇದು ಎಷ್ಟು ದಿನ ಅಂತೆ?" ಎಂದರು ಮಾಲೀಕರು.

"ಸೋಮವಾರದವರೆಗೆ. ಅಲ್ಲಿವರೆಗೆ ನಾನು ಸ್ನಾನ ಮಾಡಲ್ಲ."

ಒಳಗಿನಿಂದ ಮಗಳು ಚಿಲಕ ಹಾಕಿಕೊಂಡಳು. ಸದ್ದು ಬೆನ್ನಿಗೆ ತಾಗಿತು.